ಮೀನು ತಿಂದ ಆಕಳು

ಇದನ್ನು ಬರೆಯುತ್ತೇನೆ ಅಂದಾಗ ನಮ್ಮತ್ತೆ ಬೇಡ ಅನ್ನಲಿಲ್ಲ. "ಬರೆ, ಆದ್ರೆ ಯಾರ ಹೆಸ್ರೂ ಹಾಕಡ" ಅಂದರು. ಹಾಗಾಗಿ ಇಲ್ಲಿ ಯಾರಿಗೂ ಹೆಸರಿಲ್ಲ, ಆಕಳಿಗೂ ಇಲ್ಲ. ಅದು ಊರ ತಳಿಯ ಗಿಡ್ಡ ಆಕಳು. ಕೆಂಪು ಬಣ್ಣ, ನನ್ನಷ್ಟೇ ಸಿಟ್ಟು.

ನಮ್ಮ ಮನೆ ಧಾರೇಶ್ವರದ ಹತ್ತಿರ, ಹೆದ್ದಾರಿಯ ಪೂರ್ವಕ್ಕೆ. ಹಿಂದೆ ಚಿರೆಕಲ್ಲಿನ ಗುಡ್ಡ, ಎದುರಿಗೆ ರಸ್ತೆ, ರಸ್ತೆಯಾಚೆ ಮೀನುಗಾರರ ಮನೆಗಳು, ಅದರಾಚೆ ಸಮುದ್ರ. ಬೆಳಿಗ್ಗೆ ಹಾಲು ಕರೆದು ಬಿಟ್ಟರೆ ಆಕಳು ಗುಡ್ಡ ಹತ್ತುತ್ತದೆ, ಸಂಜೆ ತಾನೇ ಬರುತ್ತದೆ. ಅದು ಕೊಡುವ ಹಾಲು ಬಹಳವೇನಲ್ಲ. ಆದರೆ ಮೊದಲ ಗಿಂಡಿ ದೇವರ ಅಭಿಷೇಕಕ್ಕೆ, ಉಳಿದದ್ದು ಚಹಾಕ್ಕೆ. ಅತ್ತೆ ಈ ಮನೆಗೆ ಬಂದ ದಿನದಿಂದ ಇದೇ ರೂಢಿ.

ಆ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಆಕಳು ಕಂಡಕಂಡದ್ದನ್ನೆಲ್ಲ ಅಗಿಯತೊಡಗಿತು. ತಂತಿಯ ಮೇಲೆ ಒಣಹಾಕಿದ ಪಂಜಿ ಬಟ್ಟೆ ಹೋಯಿತು, ನನ್ನ ರಬ್ಬರ್ ಚಪ್ಪಲಿ ಹೋಯಿತು, ಗೋಡೆಯ ಸುಣ್ಣವನ್ನೂ ನೆಕ್ಕಿತು. ನಾನು ಬೈದೆ, ಕೋಲು ತೋರಿಸಿದೆ. ಅದು ಕಣ್ಣು ಮುಚ್ಚಿಕೊಂಡು ಅಗಿಯುತ್ತಲೇ ಇತ್ತು. ಐದು ತಿಂಗಳ ಗಬ್ಬದ ಆಕಳಿಗೆ ಹೊಡೆಯುವುದಾದರೂ ಹೇಗೆ?

ಒಂದು ಸಂಜೆ ರಸ್ತೆಯಾಚೆಯ ಮನೆಯವಳು ಆಕಳನ್ನು ಅಟ್ಟಿಕೊಂಡು ಬಂದಳು. ಅವಳು ಕುಮಟಾ ಪೇಟೆಯಲ್ಲಿ ಮೀನು ಮಾರುತ್ತಾಳೆ, ನನ್ನ ವಾರಗೆಯವಳು, ಬಾಯಲ್ಲೂ ನನಗೆ ಸರಿಜೋಡಿ.

"ಅಮ್ಮಾ, ನಿಮ್ಮ ದನ ನಮ್ಮ ಒಣ ತಾರ್ಲೆ ಎಲ್ಲಾ ಖಾಲಿ ಮಾಡ್ತದೆ ಮಾರಾಯ್ರೆ! ದಿನಾ ಬತ್ತದೆ, ಓಡ್ಸಿರೂ ಹೋಗೂದಿಲ್ಲ. ಮೀನು ತಿನ್ನೂ ದನ ನಾ ಕಂಡೇ ಇರ್ಲಿಲ್ಲ!"

ಅವಳು ನಗುತ್ತಿದ್ದಳು. ನನಗೂ ನಗು ಬಂದಿತ್ತು. ಆದರೆ ಅಷ್ಟರಲ್ಲಿ ಅತ್ತೆ ಹೊರಗೆ ಬಂದಿದ್ದರು. ಆಕಳ ಮೂತಿಗೆ ಬೆಳ್ಳಗೆ ಅಂಟಿದ್ದ ಮೀನಿನ ಹುರುಪೆಯನ್ನು ಅವರು ನೋಡಿದರು.

"ಶಿವ ಶಿವಾ! ಎಂತದೇ ಇದು! ಮೀನು ತಿಂಜಾ?"

ಮೀನಿನ ವಾಸನೆ ಬಂದರೆ ಕಿಟಕಿ ಮುಚ್ಚುವ ಮನೆ ನಮ್ಮದು. ಮಾರನೆಯ ದಿನ ದೇವರ ಮುಂದೆ ಪ್ಯಾಕೆಟ್ ಹಾಲು ಬಂತು. "ಇದ್ರ ಹಾಲು ದೇವ್ರಿಗೆ ಆಗ್ತಿಲ್ಲೆ" ಅಂದರು ಅತ್ತೆ. ನನಗೆ ತಡೆಯಲಾಗಲಿಲ್ಲ. "ಆ ಪ್ಯಾಕೆಟಿನ ಆಕ್ಳು ಎಂತ ತಿಂದಿತ್ತು ಹೇಳಿ ನಿಂಗಕ್ಕೆ ಗೊತ್ತಿದ್ದಾ?" ಅಂದುಬಿಟ್ಟೆ. ಅತ್ತೆ ದೇವರ ಗಂಟೆಯನ್ನು ಜೋರಾಗಿ ಬಾರಿಸಿದರು. ಕುಮಟಾದಲ್ಲಿ ಮೊಳೆ-ಬೀಗದ ಅಂಗಡಿ ಇಟ್ಟಿರುವ ನನ್ನ ಗಂಡ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತೆ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿ, ಆ ದಿನ ಬೇಗನೇ ಅಂಗಡಿಗೆ ಹೋದರು.

ಎರಡು ದಿನ ಬಿಟ್ಟು ಅತ್ತೆ ತೀರ್ಮಾನ ಹೇಳಿದರು. ಅವರ ತವರು ಗೇರುಸೊಪ್ಪ. ಅಲ್ಲಿ ತಮ್ಮನ ಮನೆಯ ಸುತ್ತ ಕಾಡು, ಬೇಕಾದಷ್ಟು ಮೇವು. "ಅಲ್ಲಿಗೆ ಕಳ್ಸನ. ಅಲ್ಲಿ ಸಮುದ್ರ ಇಲ್ಲೆ, ಮೀನಿಲ್ಲೆ."

"ಶರಾವತಿಲಿ ಮೀನು ಇಲ್ಯಾ ಅತ್ತೆ?"

"ನಿನ್ನ ಬಾಯಿಗೆ ಹಾಕೂ ಬೀಗ ನಿನ್ನ ಗಂಡನ ಅಂಗ್ಡೀಲೂ ಇಲ್ಲೆ" ಅಂದರು.

ತಮ್ಮನಿಗೆ ಫೋನೂ ಆಯಿತು. ಬರುವ ವಾರ ಪಿಕಪ್ ಗಾಡಿ ತರುತ್ತೇನೆಂದು ಆತ ಒಪ್ಪಿಕೊಂಡ. ಈ ಆಕಳು ಹುಟ್ಟಿದ್ದು ನನ್ನ ಕೈಮೇಲೆ. ಅದರ ತಾಯಿ ಈದು ಸತ್ತಾಗ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದವಳು ನಾನು. ಗಬ್ಬದಲ್ಲಿರುವುದನ್ನು ಗಾಡಿಯಲ್ಲಿ ಆ ಘಟ್ಟದ ಬುಡದ ದಾರಿಯಲ್ಲಿ ಕುಲುಕಿಸಿಕೊಂಡು ಒಯ್ಯುವುದನ್ನು ನೆನೆದರೇ ಅಳು ಬರುತ್ತಿತ್ತು. ಸಿಟ್ಟು ಬಂದರೆ ಮಾತಾಡುವವಳು ನಾನು. ದುಃಖ ಬಂದರೆ ಪಾತ್ರೆ ತಿಕ್ಕುತ್ತೇನೆ. ಆ ವಾರ ನಮ್ಮ ಪಾತ್ರೆಗಳೆಲ್ಲ ಹೊಳೆಯುತ್ತಿದ್ದವು.

ಗಾಡಿಯಲ್ಲಿ ಒಯ್ಯಬಹುದೋ ಇಲ್ಲವೋ ಕೇಳೋಣವೆಂದು ದನದ ಡಾಕ್ಟರನ್ನು ಕರೆಸಿದೆ. ಘಟ್ಟದ ಮೇಲಿಂದ ಹೊಸದಾಗಿ ಬಂದ ಹುಡುಗಿ, ಧಾರವಾಡದ ಕಡೆಯ ಮಾತು. ಆಕಳ ಹೊಟ್ಟೆ ಮುಟ್ಟಿ, ಕಣ್ಣು ಬಿಡಿಸಿ ನೋಡಿ, ಬೆನ್ನಿನ ರೋಮ ಸವರಿದರು. ನಾನು ಪಂಜಿಯಿಂದ ಹಿಡಿದು ತಾರ್ಲೆಯವರೆಗೆ ಎಲ್ಲ ಹೇಳಿದೆ. ಅತ್ತೆ ಕಂಬಕ್ಕೆ ಒರಗಿ ನಿಂತಿದ್ದರು.

"ಹುಲ್ಲಿಗೇನ್ ಕಡಿಮಿಲ್ರಿ, ಹುಲ್ಲಿನೊಳಗ ಕಡಿಮಿ ಐತಿ" ಅಂದರು ಡಾಕ್ಟರು. "ಇಲ್ಲಿ ಮಳಿ ಭಾಳ, ಮಣ್ಣಿನ ಸತ್ವ ತೊಳಕೊಂಡು ಹೋಗತೈತಿ. ಗುಡ್ಡದಾಗ ಮೇದ್ರ ಹೊಟ್ಟಿ ತುಂಬತೈತಿ, ಖರೆ ಎಲಬಿಗೆ ಬೇಕಾದ ರಂಜಕ ಸಿಗೂದಿಲ್ಲ. ಹೊಟ್ಟ್ಯಾಗ ಕರಾ ಬ್ಯಾರೆ ಬೆಳ್ಯಾಕ ಹತ್ತೇತಿ. ಎಲ್ಲಿ ಸಿಗತೈತೋ ಅಲ್ಲಿ ಹುಡುಕತೈತಿ ಪಾಪ. ಮೀನಿನ ಮುಳ್ಳಿನಾಗ ಅದಕ್ಕ ಸಿಕ್ಕೇತಿ."

ಆಮೇಲೆ ದಾಣಿಗೆ ಏನು ಹಾಕುತ್ತೀರಿ ಎಂದು ಕೇಳಿದರು. ನನಗೆ ನಾಚಿಕೆಯಾಯಿತು. ಮೊದಲು ಗದ್ದೆ ಬೇಸಾಯವಿದ್ದಾಗ ಮಿಲ್ಲಿನಿಂದ ಅಕ್ಕಿಯ ಜೊತೆಗೇ ತೌಡೂ ಬರುತ್ತಿತ್ತು. ಅದನ್ನು ಗಂಜಿ ನೀರಿಗೆ ಕಲಸಿ ಕೊಡುತ್ತಿದ್ದೆವು. ಗದ್ದೆಯನ್ನು ಬೇಸಾಯ ಮಾಡದೆ ಹಡೀಲು ಬಿಟ್ಟ ಮೇಲೆ ಅಂಗಡಿಯಿಂದ ಬೆಳ್ಳನೆಯ ಅಕ್ಕಿ ತಂದೆವು. ನಮ್ಮ ಊಟಕ್ಕೇನೂ ಕಡಿಮೆಯಾಗಲಿಲ್ಲ, ಆಕಳ ಪಾಲು ಮಾತ್ರ ಮಿಲ್ಲಿನಲ್ಲೇ ಉಳಿಯಿತು. ಅದು ನಮ್ಮ ಯಾರ ಲಕ್ಷ್ಯಕ್ಕೂ ಬಂದಿರಲಿಲ್ಲ.

ದಿನಾ ತೌಡು, ಸ್ವಲ್ಪ ಹಿಂಡಿ, ಚಿಟಿಕೆ ಉಪ್ಪು, ಅದರ ಜೊತೆ ಈ ಖನಿಜದ ಪುಡಿ ಎಂದು ಡಾಕ್ಟರು ಚೀಲದಿಂದ ಬೂದು ಬಣ್ಣದ ಪೊಟ್ಟಣ ತೆಗೆದುಕೊಟ್ಟರು. ಆಗ ಅತ್ತೆ ಮೊದಲ ಸಲ ಬಾಯಿ ಬಿಟ್ಟರು.

"ಈ ಪುಡಿ ಎಂತರಲ್ಲಿ ಮಾಡ್ತ?"

ಡಾಕ್ಟರು ನನ್ನ ಮುಖ ನೋಡಿದರು. ಕಲ್ಲು ಅಂತ ಹೇಳಿ ಮುಗಿಸಮ್ಮ ತಾಯಿ ಎಂದು ನಾನು ಕಣ್ಣಿನಲ್ಲೇ ಬೇಡಿಕೊಂಡೆ.

"ಒಮ್ಮೊಮ್ಮೆ ಕಲ್ಲಿನಾಗಿಂದ ಮಾಡ್ತಾರ, ಒಮ್ಮೊಮ್ಮೆ ಸುಟ್ಟ ಎಲಬಿನಾಗಿಂದ. ಇದು ಯಾವುದಂತ ನನಗ ಗೊತ್ತಿಲ್ರಿ ಅಮ್ಮಾರ. ನಿಮಗ ಸುಳ್ಳ ಹೇಳಂಗಿಲ್ಲ."

ಅತ್ತೆ ಒಳಗೆ ಹೋದರು. ಮುಗಿಯಿತು ಕಥೆ ಅಂದುಕೊಂಡೆ. ಡಾಕ್ಟರಿಗೆ ಚಹಾ ಕೊಟ್ಟು ಕಳಿಸಿದೆ. ಅವರ ಪ್ರಾಮಾಣಿಕತೆಗೆ ಮನಸ್ಸಿನಲ್ಲೇ ಶಾಪವನ್ನೂ ಹಾಕಿದೆ, ಯಾಕೆ ಮುಚ್ಚಿಡಲಿ. ಮಧ್ಯಾಹ್ನ ಗಂಡನಿಗೆ ಫೋನು ಮಾಡಿ ತೌಡು, ಹಿಂಡಿ ತರಿಸಿದೆ. ಪಿಕಪ್ ಬರುವವರೆಗಾದರೂ ಅದು ಸರಿಯಾಗಿ ತಿನ್ನಲಿ ಎಂಬುದಷ್ಟೇ ನನ್ನಾಸೆ.

ಸಂಜೆ ದೀಪ ಹಚ್ಚಿ ಕೊಟ್ಟಿಗೆಗೆ ಹೋದರೆ ಅತ್ತೆ ಅಲ್ಲಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾನಿಯಲ್ಲಿ ತೌಡು ಕಲಸುತ್ತಿದ್ದರು. ಪೊಟ್ಟಣ ಬಿಚ್ಚಿತ್ತು. ಮೊಣಕೈವರೆಗೂ ಬೂದು ಪುಡಿ. ಆಕಳು ಬಾನಿಗೆ ಮೂತಿ ಹಾಕಿ ಅವರ ಕೈಯನ್ನೂ ಸೇರಿಸಿ ನೆಕ್ಕುತ್ತಿತ್ತು.

"ಅತ್ತೆ, ಎಲುಬಿಂದೂ ಆಗಿಕ್ಕು ಹೇಳಿತ್ತಲೆ ಡಾಕ್ಟ್ರು" ಅಂದೆ. ಸುಮ್ಮನಿರುವ ಜಾಯಮಾನ ನನ್ನದಲ್ಲ.

"ಕೇಳಿದ್ದಿ. ಯಂಗೆ ಕಿವಿ ಇದ್ದು."

ಬಾನಿಯ ತಳದ ತೌಡನ್ನು ಕೆರೆದು ಆಕಳ ಮೂತಿಗೆ ಹಿಡಿದರು. ಆಮೇಲೆ ಅವರು ನನ್ನತ್ತ ನೋಡದೆಯೇ ಹೇಳಿದರು.

"ನಿನ್ನ ಗಂಡ ಹೊಟ್ಟೇಲಿದ್ದಾಗ ಯಂಗೆ ಎಂತ ತಿಂದ್ರೂ ಸೇರ್ತಿತ್ತಿಲ್ಲೆ. ರಸ್ತೆ ಆಗ ಸಣ್ಣದು. ಆಚೆ ಮನೆಲಿ ಒಣಮೀನು ಸುಟ್ರೆ ವಾಸ್ನೆ ಸೀದಾ ಇಲ್ಲಿಗೇ. ಬಾಯಲ್ಲಿ ನೀರು. ಒಂದಿನ ತಡ್ಕಂಬಲೆ ಆಜಿಲ್ಲೆ. ಆ ಮನೆ ಈಗಿನ ಅಜ್ಜಿ, ಆಗ ಸೊಸೆ, ಬಾಳೆಲೆಲಿ ಸುತ್ತಿ ಒಂದು ಚೂರು ಕೊಟ್ಟಿತ್ತು. ಬಾವಿ ಹಿಂದೆ ನಿಂತ್ಕಂಡು ತಿಂದಿ."

ನಾನು ಮೂಲೆಯಲ್ಲಿದ್ದ ಹಾಲಿನ ಗಿಂಡಿ ತೆಗೆದುಕೊಂಡು ತಿಕ್ಕತೊಡಗಿದೆ.

ಅತ್ತೆ ಆಕಳ ಗಂಗೆದೊಗಲು ಸವರಿದರು. "ಯನ್ನ ಯಾರೂ ಗೇರುಸೊಪ್ಪಗೆ ಕಳ್ಸಿದ್ವಿಲ್ಲೆ" ಅಂದರು.

ಗಾಡಿ ಬೇಡವೆಂದು ತಮ್ಮನಿಗೆ ಅವರೇ ಫೋನು ಮಾಡಿದರು. ಕಾರಣ ಕೇಳಿದ್ದಕ್ಕೆ "ಡಾಕ್ಟರು ಬೇಡ ಹೇಳಿದ್ದು" ಅಂದರು. ಡಾಕ್ಟರು ಅದನ್ನು ಹೇಳಿರಲೇ ಇಲ್ಲ. ಗಾಡಿಯ ವಿಷಯ ಕೇಳುವುದೇ ನನಗೆ ಮರೆತುಹೋಗಿತ್ತು.

ದಿನ ಕಳೆದಂತೆ ಆಕಳು ಪಂಜಿ, ಚಪ್ಪಲಿ ಬಿಟ್ಟಿತು. ರಸ್ತೆಯಾಚೆ ಹೋಗುವುದನ್ನೂ ಬಿಟ್ಟಿತು. ಬೇಸಿಗೆ ಶುರುವಾಗುವ ಹೊತ್ತಿಗೆ ಹೆಣ್ಣುಗರು ಹಾಕಿತು. ಗಿಣ್ಣಿನ ದಿನಗಳು ಮುಗಿದ ಮೇಲೆ ಅತ್ತೆ ಮೊದಲ ಗಿಂಡಿ ಹಾಲು ದೇವರಿಗೆ ಎರೆದರು. ಎರಡನೆಯ ಗಿಂಡಿ ತುಂಬಿ, ಕೊಡಿ ನಾನು ಕೊಟ್ಟುಬರುತ್ತೇನೆ ಅಂದರೂ ಕೊಡದೆ, ತಾವೇ ಹೆದ್ದಾರಿಯ ಕೆಳಸೇತುವೆ ದಾಟಿ ಆಚೆ ಮನೆಗೆ ಹೋದರು. ನಾನು ಹಿಂದೆಯೇ ಓಡಿದೆ. ನಾನು ಸೊಸೆಯಾಗಿ ಬಂದಂದಿನಿಂದ ಅವರು ಆ ಅಂಗಳಕ್ಕೆ ಕಾಲಿಟ್ಟಿದ್ದನ್ನು ಕಂಡಿರಲಿಲ್ಲ.

ಜಗಲಿಯ ಮೇಲೆ ಆ ಮನೆಯ ಅಜ್ಜಿ ಕುಳಿತಿದ್ದಳು. ಈಗ ಕಣ್ಣು ಮಂಜು, ಕಿವಿ ಚುರುಕು. ಅತ್ತೆ ಗಿಂಡಿಯನ್ನು ಅವಳ ಕೈಗಿಟ್ಟರು. ಅವಳು ಬೆರಳುಗಳಿಂದ ಗಿಂಡಿಯನ್ನೂ, ಅದನ್ನು ಹಿಡಿದಿದ್ದ ಕೈಯನ್ನೂ ತಡವಿ ನೋಡಿದಳು.

"ಮೀನಿನ ಬಯಕೆ ತೀರ್ತಾ ಅಮ್ಮಾ?"

"ತೀರ್ತು" ಅಂದರು ಅತ್ತೆ.

ಇಬ್ಬರೂ ನಗತೊಡಗಿದರು. ನಕ್ಕೂ ನಕ್ಕೂ ಅತ್ತೆ ಅಲ್ಲೇ ಜಗಲಿಯ ಮೇಲೆ ಕುಳಿತರು. ಮೀನಿನ ಬುಟ್ಟಿ ಹೊತ್ತು ಹೊರಟಿದ್ದ ಆ ಮನೆಯ ಸೊಸೆ ನಿಂತು, ಅವರನ್ನೂ ನನ್ನನ್ನೂ ನೋಡಿದಳು.

"ಎಂತ ಆತು ಇವ್ರಿಗೆ? ದನದ ಸುದ್ದಿಗೆ ಇಷ್ಟು ನಗೂದಾ?"

"ಹೌದು, ದನದ ಸುದ್ದಿಯೇ" ಅಂದೆ.