ಆಂಥೂರಿಯಂ ಮೇಲೆ ಬಿದ್ದ ಬಿಸಿಲು

ಬೋಳಾರದ ಯೋಗೀಶನ ಅಪ್ಪ, ಅಜ್ಜ ಎಲ್ಲ ಕಡಲಿಗೆ ಹೋಗುತ್ತಿದ್ದವರು. ಯೋಗೀಶನಿಗೆ ಮಾತ್ರ ದೋಣಿ ಹತ್ತಿದರೆ ವಾಂತಿ. ಹಾಗಾಗಿ ಶಾಲೆ ಮುಗಿಸಿ ಒಬ್ಬರ ಸ್ಟುಡಿಯೋದಲ್ಲಿ ಕೆಲಸ ಕಲಿತ, ಆಮೇಲೆ ತನ್ನದೇ ಸ್ಟುಡಿಯೋ ಇಟ್ಟ. ಮದುವೆ, ಸೀಮಂತ, ಪಾಸ್‌ಪೋರ್ಟ್ ಫೋಟೋಗಳಲ್ಲೇ ಅರ್ಧ ಆಯುಷ್ಯ ಕಳೆಯಿತು. ಈಗ ಮದುವೆಗಳಿಗೆ ಡ್ರೋನ್ ಇದ್ದವರೇ ಬೇಕು. ಕೆಲಸವಿಲ್ಲದೆ ಕೈ ಖಾಲಿಯಾದಾಗ ಅವನಿಗೊಂದು ಆಸೆ ಹುಟ್ಟಿತು. ತನಗೆ ಬೇಕಾದ ಹಾಗೆ ಒಂದು ಚಿತ್ರ ತೆಗೆಯಬೇಕು, ಅದನ್ನು ಜನ ನಿಂತು ನೋಡಬೇಕು.

ಆಗಲೇ ಕೊಡಿಯಾಲ್‌ಬೈಲ್‌ನಲ್ಲಿ ಹೂದೋಟಗಳ ಫೋಟೋ ಸ್ಪರ್ಧೆ ಉಂಟೆಂದು ಗೊತ್ತಾಯಿತು. ಅವನಿಗೆ ನೆನಪಾದದ್ದು ಬಿಕರ್ನಕಟ್ಟೆಯ ಡೈಸಿ ಟೀಚರ್. ಶಾಲೆಯಲ್ಲಿ ಅವನಿಗೆ ಪಾಠ ಹೇಳಿದವರು. ನಿವೃತ್ತಿಯ ನಂತರ ಅಂಗಳದ ಮಾವಿನ ಮರದಡಿ, ನೆರಳಲ್ಲೇ ಬದುಕುವ ಆಂಥೂರಿಯಂ ಹೂಗಿಡಗಳನ್ನು ಬೆಳೆಸಿದ್ದರು. ಅವುಗಳ ಫೋಟೋ ತೆಗೆಯಲು ಕೇಳಿದ ಕೂಡಲೇ ಒಪ್ಪಿದರು. ಭಾನುವಾರ ಬೆಳಿಗ್ಗೆ ತಾವು ಚರ್ಚಿಗೆ ಹೋಗುವಾಗ ಅವನಿಗಾಗಿ ಗೇಟಿನ ಬೀಗ ಹಾಕದೆ ಹೋದರು.

ಯೋಗೀಶ್ ಕ್ಯಾಮೆರಾ ಇಟ್ಟು ಬಹಳ ಹೊತ್ತು ಕಾದ. ತೋಟವೆಲ್ಲ ಒಂದೇ ಸಮನೆ ಮಬ್ಬು. ಮಾವಿನ ಮರದಿಂದ ಪೂರ್ವಕ್ಕೆ ಚಾಚಿದ ಒಂದು ಗೆಲ್ಲು, ಎಲೆ ತುಂಬಿದ ಕೊಂಬೆ, ಬಿಸಿಲನ್ನು ಒಳಗೆ ಬಿಡುತ್ತಿರಲಿಲ್ಲ. ಹಿತ್ತಿಲಲ್ಲಿ ಕತ್ತಿ ಇತ್ತು. ಒಂದೇ ಗೆಲ್ಲು ತಾನೆ ಎಂದುಕೊಂಡು ಕಡಿದುಬಿಟ್ಟ. ಬಿಸಿಲು ಓರೆಯಾಗಿ ಇಳಿದು ಕೆಂಪು ಹೂಗಳ ಮೇಲೆ ಬಿತ್ತು. ಹಿಂದೆ ಮಾತ್ರ ಕಪ್ಪು ನೆರಳು. ಅಂಥ ಚಿತ್ರ ಅವನು ಜನ್ಮದಲ್ಲಿ ತೆಗೆದಿರಲಿಲ್ಲ.

ಟೀಚರ್ ಬಂದವರೇ ಮರ ನೋಡಿದರು. ಗೆಲ್ಲು ತಾನಾಗಿ ಮುರಿದು ಬಿತ್ತು ಎಂದ ಯೋಗೀಶ್. ಅವರು ಗಾಬರಿಯಿಂದ ಅವನ ತೋಳು ಹಿಡಿದರು.

"ನಿನಗೆ ಎಂತ ಆಗ್ಲಿಲ್ಲ ಅಲ್ಲ? ತಲೆಗೆ ಬಿದ್ದಿದ್ರೆ?"

ಏನೂ ಆಗಲಿಲ್ಲ ಎಂದ. ಅವರು ಕೊಟ್ಟ ಚಹಾ ಕುಡಿದು ಬಂದ.

ಅದು ಸೆಕೆಗಾಲ. ಅವನ ಚಿತ್ರಕ್ಕೆ ಮೊದಲ ಬಹುಮಾನ ಬರುವಷ್ಟರಲ್ಲಿ ಟೀಚರ್ ತೋಟದಲ್ಲಿ ನೆರಳು ತಪ್ಪಿದ ಆಂಥೂರಿಯಂ ಎಲೆಗಳೆಲ್ಲ ಬಿಸಿಲಿಗೆ ಸುಟ್ಟುಹೋಗಿದ್ದವು. ಇದು ಅವನಿಗೆ ಗೊತ್ತಾದದ್ದು ಸ್ಪರ್ಧೆಯ ಚಿತ್ರಗಳ ಪ್ರದರ್ಶನದ ದಿನ. ಅವನ ಹೆಂಡತಿ ಸುಪ್ರೀತಾ ಟೀಚರನ್ನು ಪ್ರೀತಿಯಿಂದ ಅಲ್ಲಿಗೆ ಕರೆದಿದ್ದಳು. ಚಿತ್ರದ ಎದುರು ನಿಂತ ಹೆಂಗಸರಿಗೆ ಟೀಚರ್ ಹೇಳುತ್ತಿದ್ದರು, ಗಿಡಗಳು ಹೋದವು, ನನ್ನ ಹುಡುಗನ ಫೋಟೋದಲ್ಲಾದರೂ ಉಳಿದವಲ್ಲ ಎಂದು. ಗೆಲ್ಲು ಅವನ ತಲೆಗೆ ಬೀಳದೆ ಉಳಿದದ್ದು ದೇವರ ದಯೆ ಎಂದೂ ಹೇಳಿದರು. ಯೋಗೀಶ್ ಕಂಬದ ಹಿಂದೆ ಸರಿದ. ವೇದಿಕೆಗೆ ಕರೆದಾಗ ಅವನನ್ನು ಸುಪ್ರೀತಾ ದೂಡಿ ಕಳಿಸಿದಳು. ಚಪ್ಪಾಳೆ ತಟ್ಟುವವರಲ್ಲಿ ಟೀಚರೂ ಇದ್ದರು. ಅವನು ಅತ್ತ ನೋಡಲಿಲ್ಲ.

ಮರುದಿನ ಗಿಡಗಳಿಗೆ ಬಿಸಿಲು ತಡೆಯುವ ಹಸಿರು ನೆರಳುಬಲೆಯ ಸುರುಳಿ ಹಿಡಿದು ಬಿಕರ್ನಕಟ್ಟೆಗೆ ಹೋದ. ಅಂಗಳದಲ್ಲಿ ನಿಂತೇ ಎಲ್ಲ ಹೇಳಿದ. ಟೀಚರ್ ಬಯ್ಯಲಿಲ್ಲ. ಮೆಟ್ಟಿಲ ಮೇಲೆ ಕುಳಿತರು.

"ಕೇಳಿದ್ರೆ ನಾನೇ ಕಡಿಸಿ ಕೊಡ್ತಿದ್ದೆನೋ ಏನೋ," ಎಂದರು. ಆಮೇಲೆ, "ಗೆಲ್ಲು ಹೋದದ್ದಕ್ಕೆ ಬೇಜಾರಲ್ಲ ಯೋಗೀಶ್. ನಿನಗೆ ಪೆಟ್ಟಾಯ್ತಾ ಅಂತ ಗಾಬರಿಪಟ್ಟೆ ಅಲ್ಲ, ಅದನ್ನು ನೆನೆಸಿದ್ರೆ ನನಗೇ ನಾಚಿಕೆ ಆಗ್ತದೆ."

ಬುಡವಾದರೂ ಚಿಗುರಲಿ ಎಂದು ಅವನು ಗಿಡಗಳ ಮೇಲೆ ಬಲೆ ಕಟ್ಟಿದ. ಟೀಚರ್ ಒಳಗೇ ಇದ್ದರು. ಮುಗಿಸಿ ಕರೆದಾಗ ಬಾಗಿಲಿಗೆ ಬಂದು, ಇನ್ನು ನಾನೇ ನೋಡಿಕೊಳ್ತೇನೆ, ನೀನು ಬರುವುದು ಬೇಡ ಎಂದರು.

ಬಹುಮಾನ ಹಿಂದೆ ಕೊಡಲು ಹೋದರೆ ಸ್ಪರ್ಧೆ ನಡೆಸಿದವರು ನಕ್ಕರು. ಒಂದು ಗೆಲ್ಲಿಗೆ ಇಷ್ಟೆಲ್ಲ ಎಂತ ಮಾರಾಯ ಎಂದರು. ಆ ಚಿತ್ರವನ್ನು ಅವನು ಸ್ಟುಡಿಯೋದಲ್ಲಿ ಎಲ್ಲೂ ತೂಗುಹಾಕಲಿಲ್ಲ. ಸುಪ್ರೀತಾ ಕಾರಣ ಕೇಳಿದಾಗ ಅವಳಿಗೂ ಹೇಳಿದ. ಅವಳು ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಮಳೆಗಾಲ ಕಳೆದ ಮೇಲೆ ಒಮ್ಮೆ ಆ ದಾರಿಯಾಗಿ ಹೋಗುವಾಗ ಕಂಪೌಂಡಿನ ಆಚೆ ಬಲೆ ಕಾಣಲಿಲ್ಲ. ಟೀಚರ್ ಆ ಜಾಗದಲ್ಲಿ ಬಿಸಿಲು ಬೇಡುವ ಕೇಪಳದ ಹೂಗಿಡ ನೆಟ್ಟಿದ್ದರು. ಕೆಂಪಗೆ ಗೊಂಚಲು ಗೊಂಚಲಾಗಿ ಅರಳಿತ್ತು. ಅವರು ಬಗ್ಗಿ ಕಳೆ ಕೀಳುತ್ತಿದ್ದರು. ಯೋಗೀಶ್ ಸ್ಕೂಟರ್ ನಿಧಾನ ಮಾಡಿದ. ಅವರು ತಲೆ ಎತ್ತುವಷ್ಟರಲ್ಲಿ ಮುಂದೆ ಹೋಗಿಬಿಟ್ಟ.