ಮೊದಲ ಪದ ಎತ್ತಿಕೊಟ್ಟ ಮೇಸ್ತ್ರಿ

ನನ್ನ ಎಡಗಾಲನ್ನು ಮಾಡಿಕೊಟ್ಟವರು ಕಾಲು ಮೇಸ್ತ್ರಿ. ಹುಟ್ಟಿನಿಂದ ಬಂದಿದ್ದ ಎಡಗಾಲು ನನ್ನ ಮೂವತ್ತೆಂಟನೆಯ ವಯಸ್ಸಿನಲ್ಲಿ ಲಾರಿಯೊಂದರ ಚಕ್ರಕ್ಕೆ ಸಿಕ್ಕಿ ಮೊಣಕಾಲಿನ ಕೆಳಗೆ ಹೋಯಿತು. ನಾನಾಗ ಅಂಚೆ ಹಂಚುತ್ತಿದ್ದೆ. ಊರೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿ ಹೊಟ್ಟೆ ಹೊರೆಯುವವನಿಗೆ ಕಾಲೇ ಇಲ್ಲವೆಂದಮೇಲೆ ಇನ್ನೇನು ಉಳಿಯಿತು ಎಂದುಕೊಂಡೇ ಅವರ ವರ್ಕ್‌ಶಾಪಿನ ಬಾಗಿಲು ದಾಟಿದ್ದೆ.

ದೊಡ್ಡಾಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಗೆ ತಾಗಿಕೊಂಡು ಆ ವರ್ಕ್‌ಶಾಪ್ ಇತ್ತು. ಗೋಡೆಯುದ್ದಕ್ಕೂ ಮೊಂಡು ಕಾಲುಗಳ ಪ್ಲಾಸ್ಟರ್ ಅಚ್ಚುಗಳು. ಮೂಲೆಯಲ್ಲಿ ಜೋಡಿಯಿಲ್ಲದ ಶೂಗಳ ಗುಡ್ಡೆ. ನಡುವೆ, ಹೊಸ ಕಾಲು ಹಾಕಿಕೊಂಡವರು ಹಿಡಿದು ನಡೆಯಲಿಕ್ಕೆ, ಸೊಂಟದೆತ್ತರದ ಎರಡು ಕಬ್ಬಿಣದ ಕಂಬಿ. ಮೇಸ್ತ್ರಿ ನನ್ನ ಗಾಯ ಮಾಗಿದ ಜಾಗವನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿ ಹೇಳಿದ ಮೊದಲ ಮಾತು ಇದು:

"ನೋಡಿ ಅಂಚೆಯಣ್ಣ, ನಾನು ಕೊಡೋದು ನಿಮ್ಮ ಕಾಲಲ್ಲ. ಅದು ನಿಮ್ಮ ಕಾಲು ಆಗೋದೂ ಇಲ್ಲ. ಮೊದಲು ಉಜ್ಜುತ್ತೆ, ನೋಯುತ್ತೆ, ಚರ್ಮ ಕಿತ್ತು ಬರುತ್ತೆ. ನನ್ನನ್ನ ಬಾಯಿಗೆ ಬಂದ ಹಾಗೆ ಬೈಕೊಳ್ಳಿ. ಆದ್ರೆ ನಡೀತೀರಿ."

ಅಷ್ಟೇ. ಮೇಸ್ತ್ರಿಯದು ಅಳೆದು ತೂಗಿ ಆಡುವ ಬಾಯಿ. ಯಾರ ಮನಸ್ಸನ್ನೂ ಗೆಲ್ಲಲು ಅವರು ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ. ಅವರ ಹೆಂಡತಿ ಇದಕ್ಕೆ ತದ್ವಿರುದ್ಧ. ಅದೇ ಆಸ್ಪತ್ರೆಯ ಮುಂಭಾಗದಲ್ಲಿ ರೋಗಿಗಳಿಗೆ ಚೀಟಿ ಬರೆದು, ನಂಬರ್ ಕೂಗುವ ಕೆಲಸ ಅವರದು. ಚೀಟಿ ಕೈಗೆ ಬರುವಷ್ಟರಲ್ಲಿ ನಿಮ್ಮ ಊರು, ನೆಂಟಸ್ತಿಕೆ, ಮಗಳಿಗೆ ಎಷ್ಟು ತಿಂಗಳು ಎಲ್ಲ ಅವರಿಗೆ ಗೊತ್ತಾಗಿರುತ್ತಿತ್ತು. ಆಸ್ಪತ್ರೆಗೆಲ್ಲ ಅವರು ಮಾತಿನ ಮಲ್ಲಿ. ಯಾರಾದರೂ ಗಂಡನ ಮೌನದ ವಿಚಾರ ಎತ್ತಿದರೆ ನಗುತ್ತಿದ್ದರು: "ಅವರ ಪಾಲಿನ ಮಾತನ್ನೂ ದೇವರು ನನ್ನ ಬಾಯಿಗೇ ಹಾಕಿಬಿಟ್ಟಿದ್ದಾನೆ. ಖಾಲಿ ಮಾಡ್ಬೇಕಲ್ಲ, ಏನ್ ಮಾಡ್ಲಿ?"

ಭಾನುವಾರ ಇಬ್ಬರೂ ನಮ್ಮ ಚರ್ಚಿನ ಮೂರನೇ ಬೆಂಚಿನಲ್ಲಿ ಕೂರುತ್ತಿದ್ದರು. ಆಕೆ ಹಾಡಿದರೆ ಹಿಂದಿನ ಬೆಂಚಿನವರಿಗೆ ತಮ್ಮ ದನಿ ತಮಗೇ ಕೇಳುತ್ತಿರಲಿಲ್ಲ. ಮೇಸ್ತ್ರಿ ತುಟಿ ಅಲ್ಲಾಡಿಸಿದರೆ ಹೆಚ್ಚು.

ಒಂದು ಸೋಮವಾರ ಬೆಳಿಗ್ಗೆ, ಸಾಲು ಬಾಗಿಲಾಚೆಯವರೆಗೂ ಬೆಳೆದಿದ್ದಾಗ, ಆಕೆ "ನಲವತ್ತಾರು" ಎಂದು ಕೂಗಿದರು. ಮುಂದಿನ ನಂಬರಿಗೆ ಬಾಯಿ ತೆರೆದರು, ಬರಲಿಲ್ಲ. ಕೈಯಲ್ಲಿದ್ದ ಪೆನ್ನು ಜಾರಿತು, ಬಲಗಡೆಗೆ ವಾಲಿದರು. ಆಸ್ಪತ್ರೆಯೊಳಗೇ ಆದದ್ದರಿಂದ ಜೀವ ಉಳಿಯಿತು. ಮೆದುಳಿನ ರಕ್ತನಾಳ ಕಟ್ಟಿಕೊಂಡಿತ್ತು. ಎರಡು ತಿಂಗಳಿಗೆ ಕೋಲು ಹಿಡಿದು ನಡೆದಾಡುವಂತಾದರು. ಬಲಗೈ ಅರ್ಧ ಬಂತು. ಮಾತು ಮಾತ್ರ ಹೊರಟೇ ಹೋಯಿತು. ಬೇರೆಯವರು ಆಡಿದ್ದು ಪೂರಾ ಅರ್ಥವಾಗುತ್ತಿತ್ತು, ತಾವು ಆಡಹೊರಟರೆ ಬರುತ್ತಿದ್ದುದು ಒಂದೇ ಒಂದು ಪದ: "ಅದೇ." ನೀರು ಬೇಕಾದರೂ ಅದೇ, ಕಿಟಕಿ ಮುಚ್ಚಬೇಕಾದರೂ ಅದೇ, ಮಗಳು ಹೊರಟು ನಿಂತಾಗ ಕೆನ್ನೆ ಸವರಿ ಹೇಳಿದ್ದೂ "ಅದೇ, ಅದೇ."

ಮೇಸ್ತ್ರಿ ಬೇಡಿಕೊಂಡರು. ವರ್ಕ್‌ಶಾಪಿನಲ್ಲಿ ಅರ ಹಾಕಿ ಮರ ಉಜ್ಜುತ್ತಲೇ ಬೇಡಿಕೊಂಡರು. ಶುಕ್ರವಾರ ಉಪವಾಸವಿದ್ದರು. ಚರ್ಚಿನ ಸಭೆಯವರೂ ಸರದಿಯ ಮೇಲೆ ಮನೆಗೆ ಬಂದು ಪ್ರಾರ್ಥಿಸಿದರು. ಒಂದು ವರ್ಷ ಕಳೆಯಿತು. ಬರುವವರು ಕಡಿಮೆಯಾದರು, ತಪ್ಪೇನಲ್ಲ, ಎಲ್ಲರಿಗೂ ಅವರವರ ಮನೆ ಇರುತ್ತದೆ.

ಆಗಲೇ ಹೊರಗಿನ ಬೋಧಕರೊಬ್ಬರು ಶಾಲೆಯ ಮೈದಾನದಲ್ಲಿ ಮೂರು ದಿನ ಪ್ರಾರ್ಥನಾ ಕೂಟ ನಡೆಸಿದರು. ರೋಗಿಗಳಿಗೆ ಗುಣವಾಗುತ್ತದೆಂದು ಸುದ್ದಿ. ಮೇಸ್ತ್ರಿಗೆ ಮನಸ್ಸಿರಲಿಲ್ಲ, ಆದರೆ ಮಗಳು ಪಟ್ಟು ಹಿಡಿದಳು: "ಅಪ್ಪ, ಹೋಗದೇ ಇದ್ರೆ ಆಮೇಲೆ ಮನಸ್ಸು ಕೊರೆಯುತ್ತೆ." ಕಡೇ ದಿನ ಮಧ್ಯಾಹ್ನ ಹೆಂಡತಿಯನ್ನು ಕರೆದುಕೊಂಡು ಹೋದರು. ನಾನೂ ಅಲ್ಲಿದ್ದೆ, ಹೊಸ ಕಾಲು ಹಾಕಿಕೊಂಡು, ಹಿಂದಿನ ಸಾಲಿನಲ್ಲಿ.

ಬೋಧಕರು ಆಕೆಯ ತಲೆಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಪ್ರಾರ್ಥಿಸಿದರು. ಆಮೇಲೆ ಮೈಕನ್ನು ಬಾಯಿಯ ಹತ್ತಿರ ಹಿಡಿದರು. "ನಿನಗೆ ಮಾತು ಕೊಟ್ಟವನು ಯಾರು ತಾಯಿ? ಯೇಸು ತಾನೇ? ಹೇಳು!"

ಆಕೆ ಜನರನ್ನು ನೋಡಿದರು. "ಅದೇ," ಎಂದರು. "ಅದೇ, ಅದೇ!"

ಮೈದಾನವೆಲ್ಲ ಎದ್ದು ನಿಂತಿತು. ಚಪ್ಪಾಳೆ, ಸ್ತೋತ್ರ, ಕೆಲವರ ಕಣ್ಣಲ್ಲಿ ನೀರು. ನನ್ನ ಕಣ್ಣಲ್ಲೂ ಬಂತು, ಯಾಕೆ ಸುಳ್ಳು ಹೇಳಲಿ. ಮೇಸ್ತ್ರಿ ಒಬ್ಬರೇ ಕಲ್ಲಿನ ಹಾಗೆ ನಿಂತಿದ್ದರು. ಗದ್ದಲ ಸ್ವಲ್ಪ ಇಳಿದಾಗ ಅವರು ಮೈಕಿನ ಕಡೆ ಬಾಗಿದರು.

"ಅಯ್ಯನವ್ರೇ, ಈ ಒಂದು ಪದ ಮೊದಲಿಂದಲೂ ಇದೆ. ಹೊಸದಾಗಿ ಏನೂ ಬಂದಿಲ್ಲ."

ಚಪ್ಪಾಳೆ ಅಲ್ಲಲ್ಲೇ ನಿಂತಿತು. ಬೋಧಕರ ಮುಖ ಸಣ್ಣದಾಯಿತು. ಮೈಕನ್ನು ಪಕ್ಕಕ್ಕೆ ಹಿಡಿಯುವುದನ್ನು ಮರೆತೇ ಹೇಳಿದರು, ಹಾಗಾಗಿ ಕೊನೆಯ ಸಾಲಿನವನಿಗೂ ಕೇಳಿತು: "ಬಾಗಿಲಲ್ಲಿ ನಿಂತು ತಡೀತಾ ಇರೋದು ನಿನ್ನ ಅಪನಂಬಿಕೆ. ಗಂಡನ ದೆಸೆಯಿಂದ ಹೆಂಡತಿ ನರಳ್ತಿದ್ದಾಳೆ."

ಮೇಸ್ತ್ರಿ ಹೆಂಡತಿಯ ಕೋಲನ್ನು ಎತ್ತಿಕೊಟ್ಟು, ತೋಳು ಹಿಡಿದು, ಜನರ ನಡುವಿನ ದಾರಿಯಲ್ಲಿ ನಿಧಾನವಾಗಿ ನಡೆಸಿಕೊಂಡು ಹೋದರು. ಆ ದಾರಿ ಎಷ್ಟು ಉದ್ದವಿತ್ತೋ! ಯಾರೂ ಅವರ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ.

ಮಾರನೆಯ ದಿನ ನಮ್ಮ ಚರ್ಚಿನ ಸಭಾಪಾಲಕರು ವರ್ಕ್‌ಶಾಪಿಗೆ ಹೋದರು. ವಯಸ್ಸಾದವರು, ಮೆದು ಮನಸ್ಸಿನವರು. "ನೀವು ಹೇಳಿದ್ದು ಸತ್ಯ," ಎಂದರಂತೆ. "ಆಗಲೇ ನಾನು ನಿಮ್ಮ ಪಕ್ಕ ಬಂದು ನಿಲ್ಲಬೇಕಿತ್ತು. ಧೈರ್ಯ ಬರಲಿಲ್ಲ. ಕ್ಷಮಿಸಿ."

"ನಿಮ್ಮ ಮೇಲೆ ನನಗೆ ಕೋಪ ಇಲ್ಲ ಅಯ್ಯನವ್ರೇ," ಎಂದರು ಮೇಸ್ತ್ರಿ. "ಆದ್ರೆ ಚರ್ಚಿಗೆ ಇನ್ನು ಬರಲ್ಲ. ಅಲ್ಲಿ ಕೂತು ಏನು ಕೇಳೋದು ಅಂತಲೇ ಗೊತ್ತಾಗ್ತಿಲ್ಲ."

ಅವರು ಬರದಿದ್ದರೂ ಹೆಂಡತಿ ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ಒಳ್ಳೆಯ ಬಟ್ಟೆ ಹಾಕಿಕೊಂಡು, ಗುಂಡಿ ಅರ್ಧಂಬರ್ಧ ಸಿಕ್ಕಿಸಿಕೊಂಡು, ಬಾಗಿಲ ಚಿಲಕದ ಮೇಲೆ ಎಡಗೈಯಿಟ್ಟು ನಿಂತುಬಿಡುತ್ತಿದ್ದರು. ಮೇಸ್ತ್ರಿ ಉಳಿದ ಗುಂಡಿ ಹಾಕಿ, ಚರ್ಚಿನ ಮೆಟ್ಟಿಲವರೆಗೆ ಕರೆತಂದು, ಯಾರಾದರೊಬ್ಬರ ಕೈಗೆ ಒಪ್ಪಿಸಿ, ಆರಾಧನೆ ಮುಗಿಯುವ ತನಕ ಹೊರಗಿನ ಗೋಡೆಗೆ ಒರಗಿ ಕಾಯುತ್ತಿದ್ದರು. ಹೀಗೆ ಐದಾರು ತಿಂಗಳು.

ಒಂದು ಭಾನುವಾರ ಸೆಖೆಯೆಂದು ಕಿಟಕಿಗಳನ್ನೆಲ್ಲ ತೆರೆದಿದ್ದರು. ಒಳಗೆ ಸಭೆ ಎದ್ದು ನಿಂತು, ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯನ್ನು ಒಟ್ಟಾಗಿ ಹೇಳತೊಡಗಿತು. ನಡುವೆ ಮೇಸ್ತ್ರಿಗೆ ಒಂದು ದನಿ ಕೇಳಿತು. ಇಪ್ಪತ್ತಾರು ವರ್ಷ ಪಕ್ಕದಲ್ಲೇ ಕೇಳಿದ ದನಿ. ಅವರು ಒಳಗೆ ನುಗ್ಗಿದರು. ಅಷ್ಟು ದಿನ ಸಭೆಯಲ್ಲಿ ಬಾಯಿ ತೆರೆಯದಿದ್ದ ಹೆಂಡತಿ ಕಣ್ಣು ಮುಚ್ಚಿ, ಬೆಂಚಿನ ಅಂಚು ಹಿಡಿದು, ಸಭೆಯ ಜೊತೆ ಒಂದಕ್ಷರವೂ ತಪ್ಪದೆ ಹೇಳುತ್ತಿದ್ದರು. ಪ್ರಾರ್ಥನೆ ಮುಗಿಯಿತು. ಮೇಸ್ತ್ರಿ ಅವರ ಎರಡೂ ಭುಜ ಹಿಡಿದು, "ಮಾತು ಬಂತೇನೇ? ಏನಾದ್ರೂ ಹೇಳೇ, ನನ್ನ ಹೆಸರು ಹೇಳು!" ಎಂದರು.

ಆಕೆ ಬಾಯಿ ತೆರೆದರು. "ಅದೇ," ಎಂದು ಅತ್ತರು.

ಮರುದಿನವೇ ಆಸ್ಪತ್ರೆಗೆ ಓಡಿದರು. ಮಾತಿನ ತರಬೇತಿ ಕೊಡುವ ಡಾಕ್ಟರಮ್ಮ ಬಿಡಿಸಿ ಹೇಳಿದರು: ಬಾಯಿಪಾಠವಾಗಿ ವರ್ಷಗಟ್ಟಲೆ ಹೇಳಿದ್ದು ಮೆದುಳಿನ ಬೇರೆ ಕಡೆ ಉಳಿದಿರುತ್ತದೆ, ಹಾಡೂ ಹಾಗೆಯೇ. ಯಾರಾದರೂ ಮೊದಲ ಪದ ಎತ್ತಿಕೊಟ್ಟರೆ ಅದು ತಾನಾಗಿ ಹರಿಯುತ್ತದೆ. ಆದರೆ ಅದು ಸ್ವಂತ ಮಾತಾಗಿ ತಿರುಗುವುದು ಅಪರೂಪ. "ಸುಳ್ಳು ಆಸೆ ಕೊಡೋಕೆ ನನಗಿಷ್ಟ ಇಲ್ಲ," ಎಂದರು ಆಕೆ. ಮೇಸ್ತ್ರಿ ತಾವೇ ನೂರಾರು ಜನರಿಗೆ ಹೇಳಿದ್ದ ಮಾತು ಅದು. ಆವತ್ತು ಅದನ್ನು ಕೇಳಿಸಿಕೊಳ್ಳುವ ಸರದಿ ತಮ್ಮದಾದಾಗ ಹೇಗಿತ್ತೆಂದು ಮೇಸ್ತ್ರಿ ಬಹಳ ವರ್ಷಗಳ ಮೇಲೆ ನನಗೆ ಹೇಳಿದರು. "ದೇವರು ಬಾಗಿಲು ತೆಗೆದ. ನಾನು ಹೊಸ್ತಿಲ ಮೇಲೆ ಕಾಲಿಟ್ಟೆ. ಮುಖಕ್ಕೇ ಹಾಕಿದ."

ಆದರೆ ಮನೆಯಲ್ಲಿ ಬೇರೆಯೇ ಒಂದು ಶುರುವಾಯಿತು. ಮಾರನೇ ಬೆಳಿಗ್ಗೆ ಕಾಫಿ ಕುಡಿದ ಮೇಲೆ ಹೆಂಡತಿ ಮೇಜನ್ನು ಬೆರಳಿನಿಂದ ತಟ್ಟಿದರು. ಮೇಸ್ತ್ರಿಗೆ ಅರ್ಥವಾಗಲಿಲ್ಲ. ಆಕೆ ಕೈಗಳನ್ನು ಜೋಡಿಸಿ ತೋರಿಸಿದರು. ತಾವಾಗಿಯೇ ಶುರುಮಾಡಲು ಆಕೆಗೆ ಬರುತ್ತಿರಲಿಲ್ಲ. ಮೊದಲ ಪದವನ್ನು ಗಂಡ ಎತ್ತಿಕೊಡಬೇಕಿತ್ತು. ಪ್ರಾರ್ಥನೆಯನ್ನೇ ಬಿಟ್ಟಿದ್ದ ಮನುಷ್ಯ ಏನು ಮಾಡಬೇಕು? ಗಂಟಲು ಸರಿಮಾಡಿಕೊಂಡು, "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದರು. ಅಲ್ಲಿಂದ ಮುಂದಕ್ಕೆ ಆಕೆ ಜೊತೆಯಾದರು.

"ನಿಜ ಹೇಳ್ತೀನಿ ಅಂಚೆಯಣ್ಣ," ಎಂದರು ಮೇಸ್ತ್ರಿ ನನಗೆ, ಸಡಿಲವಾಗಿದ್ದ ನನ್ನ ಕಾಲಿನ ಚರ್ಮದ ಪಟ್ಟಿ ಬದಲಿಸುತ್ತಾ. "ನಾನು ದೇವರನ್ನ ಕರೀತಿರಲಿಲ್ಲ. ಅವಳ ದನಿ ಕೇಳೋಕೆ ಅಂತ ಬಾಯಿ ಆಡಿಸ್ತಿದ್ದೆ. ದಿನಕ್ಕೆ ಒಂದು ನಿಮಿಷ ನನ್ನ ಹೆಂಡ್ತಿ ಮಾತಾಡ್ತಾಳೆ ಅನ್ನೋದೇ ನನಗೆ ಸಾಕಾಗಿತ್ತು. ದೇವರಿಗೂ ಅದು ಗೊತ್ತಿತ್ತು ಅಂತ ಕಾಣುತ್ತೆ. ಏನೂ ಅಂದ್ಕೊಳ್ಳಲಿಲ್ಲ."

ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ, ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ್ದೇವೆ ಎನ್ನುವ ಸಾಲು ಬಂತು. ಮೇಸ್ತ್ರಿಯ ಬಾಯಿ ಕಟ್ಟಿತು. ಮೈದಾನ, ಮೈಕು, ಬೋಧಕರ ಮುಖ ಎಲ್ಲ ಒಟ್ಟಿಗೆ ಕಣ್ಣೆದುರು ಬಂದವಂತೆ. ಅಷ್ಟು ದಿನ ಆ ಸಾಲನ್ನು ಅರ್ಥ ಮಾಡಿಕೊಳ್ಳದೆ ದಾಟಿಬಿಡುತ್ತಿದ್ದರು. ಅವತ್ತು ಆಗಲಿಲ್ಲ. ಅವರು ನಿಂತರೆ ಆಕೆಯೂ ನಿಲ್ಲುವುದು ವಾಡಿಕೆ. ಆಕೆ ನಿಂತರು. ಗಂಡನ ಮುಖವನ್ನು ಬಹಳ ಹೊತ್ತು ನೋಡಿದರು. ಅವಮಾನವಾದದ್ದು ಆಕೆಗೆ ತಾನೇ? ಬಾಯಿಗೆ ಮೈಕು ಹಿಡಿಸಿಕೊಂಡು ಜನರೆದುರು ನಿಂತವರು ಆಕೆ ತಾನೇ? ಎಡಗೈಯಿಂದ ಗಂಡನ ಮಣಿಕಟ್ಟನ್ನು ಹಿಡಿದುಕೊಂಡು, ಮುಖ ಕೆಂಪಾಗುವಷ್ಟು ಕಷ್ಟಪಟ್ಟು, ಆ ಸಾಲನ್ನು ಆಕೆ ಒಬ್ಬರೇ ಹೇಳಿದರು. ಎರಡು ಕಡೆ ತೊದಲಿದರು. ಆಮೇಲೆ ಕೊನೆಯವರೆಗೂ ಒಬ್ಬರೇ ಹೋದರು. ಮೇಸ್ತ್ರಿಗೆ "ಆಮೆನ್" ಮಾತ್ರ ಸಿಕ್ಕಿತು.

ಆ ಭಾನುವಾರ ಅವರು ಗೋಡೆಗೆ ಒರಗಲಿಲ್ಲ. ಹೆಂಡತಿಯ ತೋಳು ಹಿಡಿದು ಒಳಗೆ ಬಂದು ಮೂರನೇ ಬೆಂಚಿನಲ್ಲಿ ಕೂತರು. ನಾವು ಸರಿದು ಜಾಗ ಬಿಟ್ಟೆವು.

ಆಕೆಗೆ ಮಾತು ಮರಳಲಿಲ್ಲ. ಡಾಕ್ಟರಮ್ಮನ ಶ್ರಮದಿಂದ ಇಪ್ಪತ್ತು, ಇಪ್ಪತ್ತೈದು ಪದ ಬಂದವು: ನೀರು, ಬಾ, ಸಾಕು, ಮಗಳ ಹೆಸರು. ಒಮ್ಮೆ ಮೇಸ್ತ್ರಿ ಉಪ್ಪು ಹಾಕದೆ ಸಾರು ಮಾಡಿದಾಗ "ಥೂ" ಎಂದರಂತೆ, ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರಂತೆ. ಅದನ್ನು ಹೇಳುವಾಗ ಮೇಸ್ತ್ರಿಯ ಮುಖ ನೋಡಬೇಕಿತ್ತು.

ಇದರ ಮಧ್ಯೆ ಅವರು ಇನ್ನೊಂದು ಕೆಲಸ ಹಚ್ಚಿಕೊಂಡರು. ಶನಿವಾರ ಮಧ್ಯಾಹ್ನ ಇಬ್ಬರೂ ಆಸ್ಪತ್ರೆಯಲ್ಲಿ ಮಾತು ಕಳೆದುಕೊಂಡವರ ಹಾಸಿಗೆಯ ಪಕ್ಕ ಕೂರುತ್ತಿದ್ದರು. ರೋಗಿಗೆ ಚಿಕ್ಕಂದಿನಿಂದ ಏನು ಬಾಯಿಪಾಠವಿದೆ ಎಂದು ಮನೆಯವರನ್ನು ಕೇಳಿ, ಅದರ ಮೊದಲ ಪದ ಎತ್ತಿಕೊಡುವುದು. ಕೆಲವರಿಗೆ ಪ್ರಾರ್ಥನೆ, ಕೆಲವರಿಗೆ ಹಾಡು. ಒಬ್ಬ ಲಾರಿ ಡ್ರೈವರ್ ಏನು ಎತ್ತಿಕೊಟ್ಟರೂ ಬಾಯಿ ಬಿಚ್ಚಲಿಲ್ಲ. ಕೊನೆಗೆ ಮೇಸ್ತ್ರಿ "ಎರಡೊಂದ್ಲ ಎರಡು" ಎಂದರು. ಆತ ಹತ್ತರವರೆಗೂ ಮಗ್ಗಿಯನ್ನು ಗಡಗಡನೆ ಒಪ್ಪಿಸಿ, ತನ್ನ ದನಿಗೆ ತಾನೇ ಬೆರಗಾಗಿ ಸುತ್ತ ನೋಡಿದ. ಅವನ ಹೆಂಡತಿ ಬಾಯಿಗೆ ಕೈ ಇಟ್ಟುಕೊಂಡು ಅತ್ತಳು. ಮೇಸ್ತ್ರಿ ಅವಳಿಗೆ ತಕ್ಷಣ ಹೇಳಿದರು: "ಇದು ಮಾತು ಬಂದ ಹಾಗಲ್ಲಮ್ಮ. ಆದ್ರೆ ಅವನು ಒಳಗೇ ಇದ್ದಾನೆ. ಎಲ್ಲೂ ಹೋಗಿಲ್ಲ."

ಹನ್ನೊಂದು ವರ್ಷ ಹೀಗೆ ನಡೆಯಿತು. ಎರಡನೇ ಸಲ ಲಕ್ವ ಹೊಡೆದಾಗ ಆಕೆ ಮೂರು ದಿನ ಕಣ್ಣು ತೆರೆಯಲಿಲ್ಲ. ಮೂರನೇ ದಿನ ಮಧ್ಯಾಹ್ನ, ಮಗಳು ಒಂದು ಕೈ ಹಿಡಿದಿದ್ದಳು, ಮೇಸ್ತ್ರಿ ಇನ್ನೊಂದು. ಅವರು ಬಾಗಿ ಕಿವಿಯಲ್ಲಿ "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಕಾದರು. ಜೊತೆಗೆ ದನಿ ಬರಲಿಲ್ಲ. ಇನ್ನೊಮ್ಮೆ ಎತ್ತಿದರು. ಮತ್ತೆ ಕಾದರು. ಆಮೇಲೆ, ಎಂದೂ ದನಿ ಎತ್ತದ ಆ ಮನುಷ್ಯ, ಇಡೀ ವಾರ್ಡಿಗೆ ಕೇಳುವ ಹಾಗೆ ಪ್ರಾರ್ಥನೆಯನ್ನು ಪೂರ್ತಿ ಒಬ್ಬರೇ ಹೇಳಿದರು. ಆಕೆಯ ಉಸಿರು ಸಂಜೆಯ ಒಳಗೆ ನಿಂತಿತು.

ಮಣ್ಣು ಮಾಡಿ ಬಂದ ಮೇಲೆ ನಾನು ಅವರ ಪಕ್ಕ ಕೂತಿದ್ದೆ. ಕೇಳಬಾರದಿತ್ತು, ಕೇಳಿಬಿಟ್ಟೆ: "ಮೇಸ್ತ್ರಿ, ಇಷ್ಟು ವರ್ಷ ಬೇಡಿಕೊಂಡಿರಿ. ಸಿಗಲಿಲ್ಲವಲ್ಲ. ಬೇಜಾರಿಲ್ಲವಾ?"

"ಇದೆ," ಎಂದರು. ಮರೆಮಾಚಲಿಲ್ಲ. "ಸಾಯೋ ತನಕ ಇರುತ್ತೆ. ನಾನು ಕೇಳಿದ್ದು ಅವನು ಕೊಡಲಿಲ್ಲ. ಆದ್ರೆ ಸತ್ತವರನ್ನ ಎಬ್ಬಿಸ್ತೀನಿ ಅಂತ ಹೇಳಿದ್ದಾನಲ್ಲ, ಆ ಮಾತನ್ನ ಹಿಡ್ಕೊಂಡಿದ್ದೀನಿ. ಅವಳು ಎದ್ದ ದಿನ ಮೊದಲು ನನ್ನನ್ನೇ ತರಾಟೆಗೆ ತಗೊಳ್ತಾಳೆ ನೋಡಿ, ಆ ಉಪ್ಪಿಲ್ಲದ ಸಾರಿಗೆ." ನಗಲು ಹೋದರು, ಆಗಲಿಲ್ಲ. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಬಹಳ ಹೊತ್ತು ಒರೆಸಿದರು.

ಮಗಳು ತನ್ನ ಮನೆಗೆ ಕರೆದಳು. ಒಂದು ತಿಂಗಳು ಹೋಗಿದ್ದು ಬಂದರು. ಬಂದ ಶನಿವಾರವೇ ಆಸ್ಪತ್ರೆಗೆ ಹೊರಟರು. ಮೆಟ್ಟಿಲು ಹತ್ತುವಾಗ ಅವರಿಗೆ ಈಗ ಉಬ್ಬಸ, ಹಾಗಾಗಿ ನಾನೂ ಜೊತೆಗೆ ಹೋದೆ. ಹೊಸದಾಗಿ ಸೇರಿದ್ದ ಒಬ್ಬ ಅಜ್ಜಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಸೊಸೆ ಹೇಳಿದಳು, ಅತ್ತೆ ಯಾವಾಗಲೂ ಮೊಮ್ಮಕ್ಕಳಿಗೆ ಒಂದು ಲಾಲಿ ಹಾಡುತ್ತಿದ್ದರು ಎಂದು. ಮೇಸ್ತ್ರಿಗೆ ಆ ಹಾಡು ಗೊತ್ತಿರಲಿಲ್ಲ. ಸೊಸೆಯಿಂದ ಎರಡು ಸಲ ಹೇಳಿಸಿಕೊಂಡು, ಕುರ್ಚಿಯನ್ನು ಹಾಸಿಗೆಯ ಹತ್ತಿರಕ್ಕೆ ಎಳೆದುಕೊಂಡು, ಬೇಸೂರಿನಲ್ಲಿ ಅದರ ಮೊದಲ ಪದವನ್ನು ಎತ್ತಿದರು.