ಐದು ಮಿಲಿಮೀಟರ್ ಸಂದಿ

2008ರಲ್ಲಿ ನಾನು ಬಾಗಲಕೋಟೆಯ ನವನಗರದಲ್ಲಿ ಸಣ್ಣದೊಂದು ಕಚೇರಿ ಇಟ್ಟುಕೊಂಡು ಮನೆ ಕಟ್ಟಿಸಿಕೊಡುವ ಎಂಜಿನಿಯರ್ ಆಗಿದ್ದೆ. ಜನವರಿಯಲ್ಲಿ ಇಳಕಲ್ಲಿನ ಕೆಲಸವೊಂದು ಬಂತು. ಅದಕ್ಕೆ ಇಪ್ಪತ್ತು ದಿನ ಮೊದಲು ನನ್ನ ಹೆಂಡತಿ ತೀರಿಕೊಂಡಿದ್ದಳು. ಕನಿಕರಕ್ಕಾಗಿ ಇದನ್ನು ಹೇಳುತ್ತಿಲ್ಲ. ಇದನ್ನು ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ. ಆಗ ನನಗೆ ಅಳು ಕೂಡ ಬರುತ್ತಿರಲಿಲ್ಲ. ಉಂಡೆನೋ ಇಲ್ಲವೋ ಎಂಬುದನ್ನು ತಾಟು ನೋಡಿ ತಿಳಿದುಕೊಳ್ಳುತ್ತಿದ್ದೆ. ಯಾರು ಏನು ಕೇಳಿದರೂ ಒಂದೇ ಶಬ್ದದಲ್ಲಿ ಉತ್ತರ ಕೊಟ್ಟು ಸುಮ್ಮನಾಗುತ್ತಿದ್ದೆ.

ಕೆಲಸ ಅಂಬವ್ವನವರ ಮನೆಯದು. ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂಡುವ ಕುಣಿಮಗ್ಗದಲ್ಲಿ ನಲವತ್ತು ವರ್ಷ ಸೀರೆ ನೇಯ್ದ ಹೆಂಗಸು. ಲಕ್ವಾ ಹೊಡೆದು ಎಡಗಾಲು ಸೋತಿತ್ತು. ವಾಕರ್ ಹಿಡಿದು ದಿನಾ ಸಮನೆಲದ ಮೇಲೆ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ಮನೆಯ ಹಿಂಬಾಗಿಲಿಗೂ ಮಗ್ಗದ ಕೋಣೆಗೂ ನಡುವೆ ಹತ್ತೊಂಬತ್ತು ಅಡಿ ಹಿತ್ತಲು; ಅದೆಲ್ಲ ಏರುತಗ್ಗಿನ ಬಂಡೆ.

“ಯಾರ ಕೈನೂ ಹಿಡೀದಂಗ ಮಗ್ಗದ ಖೋಲಿಗಿ ಹೋಗಬೇಕ್ರಿ, ಅಷ್ಟ,” ಅಂದರು ಅಂಬವ್ವ. ಅವರು ಕೇಳಿದ್ದು ಅದೊಂದೇ.

ಬಂಡೆಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಡೆಕ್, ಅಂದರೆ ಹಲಗೆ ಜೋಡಿಸಿದ ಎತ್ತರದ ನೆಲ, ಮಾಡುವುದೆಂದು ನಿರ್ಧರಿಸಿದೆ. ಸಾಗವಾನಿಯನ್ನೂ ಆ ಹಿತ್ತಲಿನ ಗೆದ್ದಲು ಬಿಡುವಂತಿರಲಿಲ್ಲ. ನುಣುಪು ಕಲ್ಲಿನ ಮೇಲೆ ವಾಕರ್ ಜಾರುತ್ತದೆ. ಹೀಗಾಗಿ ಕಾಂಪೋಸಿಟ್ ಬೋರ್ಡ್ ಆರಿಸಿದೆ. ಅದು ಮರದ ಹುಡಿ ಮತ್ತು ಪ್ಲಾಸ್ಟಿಕ್ ಕೂಡಿಸಿ ಎರಕ ಹೊಯ್ದ ಹಲಗೆ. ಬಿಸಿಲಿಗೆ ಕಡಿಮೆ ಕಾಯಲೆಂದು ತಿಳಿ ಬಣ್ಣದ್ದು, ಕಾಲು ಜಾರದಿರಲೆಂದು ಗೀರು ಗೀರಿನದು ತರಿಸಿದೆ. ಒಂದೊಂದು ಬೋರ್ಡು ಒಂಬತ್ತೂವರೆ ಅಡಿ ಉದ್ದ. “ಇಳಕಲ್ಲಿನಾಗ ಕಲ್ಲಿಗೆ ಬರ ಬಂತೇನ್ರಿ?” ಎಂದು ಓಣಿಯವರೆಲ್ಲ ನಕ್ಕರು.

ಈ ಬೋರ್ಡಿಗೆ ಒಂದು ಗುಣವಿದೆ. ಬಿಸಿಲಿಗೆ ಉದ್ದವಾಗುತ್ತದೆ. ಬೋರ್ಡಿನ ತುದಿಗೆ ತುದಿ ಸೇರುವಲ್ಲಿ ಐದು ಮಿಲಿಮೀಟರ್, ಗೋಡೆಯ ಪಕ್ಕ ಹತ್ತು ಮಿಲಿಮೀಟರ್ ಸಂದಿ ಇರಲೇಬೇಕು. ಇದನ್ನು ಹಿತ್ತಲಲ್ಲಿ ನಿಂತು ತೋರಿಸಿಕೊಡಬೇಕಾದವನು ನಾನು, ಆದರೆ ಹೋಗಲಿಲ್ಲ. ಮನೆಯಿಂದ ಕಚೇರಿಗೆ ಬಂದು ಕೂಡುವುದೇ ನನಗೆ ಆ ದಿನಗಳಲ್ಲಿ ಸಾಕಾಗುತ್ತಿತ್ತು.

ಬಡಿಗೇರ ಮೌನೇಶ ಫೋನ್ ಮಾಡಿದ. ಬಾಗಿಲು, ಚೌಕಟ್ಟಿನ ಕೆಲಸದಲ್ಲಿ ಕೂದಲು ತೂರದಂತೆ ಕೂಡಿಸುವ ಮನುಷ್ಯ. ಆ ಹೆಸರೇ ಅವನ ಅನ್ನ.

“ಸಾಹೇಬ್ರ, ಎರಡ ಬೋರ್ಡಿಗೆ ಹತ್ತೊಂಬತ್ತ ಅಡಿ ಬರೋಬ್ಬರಿ ಕೂಡತೈತ್ರಿ. ತುದಿಗೆ ಸಂದಿ ಹೆಂಗ್ ಮಾಡೂಣ್ರಿ?”

“ಬಿಡ್ರಿ,” ಅಂದೆ. ಫೋನ್ ಇಟ್ಟೆ.

ಫೆಬ್ರುವರಿಯಲ್ಲಿ ಹೋಗಿ ಮುಗಿದ ಕೆಲಸ ನೋಡಿದೆ. ಸ್ಟೇನ್‌ಲೆಸ್ ಸ್ಕ್ರೂಗಳು ಒಂದೇ ಸಾಲಿಗಿದ್ದವು, ಅಡಿಗೊಂದರಂತೆ ಕೆಳಗೆ ಕಬ್ಬಿಣದ ಅಡ್ಡಪಟ್ಟಿಯಿತ್ತು. ಕಣ್ಣು ನೋಡಿತು, ತಲೆಗೆ ಏನೂ ಹೋಗಲಿಲ್ಲ. ಅಂಬವ್ವ ಒಬ್ಬರೇ ಟಕ್ ಟಕ್ ಎನ್ನುತ್ತ ಮಗ್ಗದ ಕೋಣೆಯವರೆಗೆ ಹೋಗಿ ಬಂದರು. ಎಲ್ಲರೂ ನಕ್ಕರು, ನಾನೂ ನಗಬೇಕೆಂದು ನಕ್ಕೆ.

ಏಪ್ರಿಲ್ ಎರಡನೆಯ ವಾರದ ಒಂದು ಮಧ್ಯಾಹ್ನ ಅವರ ಮಗ ವೀರಣ್ಣನ ಫೋನ್ ಬಂತು. ಹಲಗೆಗಳು ಉದ್ದವಾಗಲು ಎರಡೂ ಕಡೆ ಗೋಡೆ ಅಡ್ಡವಾಗಿ, ನಡುವೆ ತುದಿಗೆ ತುದಿ ಸೇರುವ ಜಾಗ ಸ್ಕ್ರೂ ಕಿತ್ತುಕೊಂಡು ಮೇಲೆದ್ದಿತ್ತು. ವಾಕರಿನ ಕಾಲು ಅದಕ್ಕೆ ತಾಗಿ ಅಂಬವ್ವ ಬಿದ್ದರು. ಸೊಂಟದ ಎಲುಬು ಮುರಿದಿತ್ತು. ಬಾಗಲಕೋಟೆಯ ದವಾಖಾನೆಗೆ ಸೇರಿಸಿದ್ದರು.

ಮರುದಿನ ಹಿತ್ತಲಲ್ಲಿ ವೀರಣ್ಣ ಮೌನೇಶನನ್ನು ನಿಲ್ಲಿಸಿಕೊಂಡು ನನ್ನನ್ನು ಕೇಳಿದ. “ಸಂದಿ ಬಿಡ್ರಿ ಅಂತ ನೀವು ಹೇಳಿದ್ರೋ ಇಲ್ಲೋ, ಸಾಹೇಬ್ರ?”

“ಹೌದು, ಬಿಡ್ರಿ ಅಂದಿದ್ದೆ.”

“ನನಗೂ ಹಂಗ ಕೇಳಿಸ್ತ್ರಿ,” ಅಂದ ಮೌನೇಶ. “ಸಂದಿ ಗಿಂದಿ ಬ್ಯಾಡ, ಬಿಡ್ರಿ ಅಂದಂಗಾತು. ಬಿಟ್ಟೆ.”

ಆಗ ಹೊಳೆಯಿತು. ಸಂದಿ ಬಿಡು ಎಂದರೆ ಜಾಗ ಇರಿಸು. ಬರೀ ಬಿಡು ಎಂದರೆ ಅದರ ಗೊಡವೆಯೇ ಬೇಡ. ನಾನು ಆಡಿದ್ದು ಸುಳ್ಳಲ್ಲ, ಅವನು ಕೇಳಿಸಿಕೊಂಡದ್ದೂ ತಪ್ಪಲ್ಲ. ಈ ಒಂದು ಮಾತನ್ನು ನಾನು ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. “ಇನ್ನ ಈ ಊರಾಗ ನಿನಗ ಯಾರು ಕೆಲಸ ಕೊಡ್ತಾರ ನೋಡ್ತೇನಿ,” ಎಂದು ವೀರಣ್ಣ ಅಂದಾಗಲೂ ಬಾಯಿ ತೆರೆಯಲಿಲ್ಲ. ಮೌನೇಶ ಒಮ್ಮೆ ನನ್ನ ಮುಖ ನೋಡಿದ. ಉಳಿ, ಸುತ್ತಿಗೆ ಚೀಲಕ್ಕೆ ತುಂಬಿಕೊಂಡು ಹೋದ. ನನಗೆ ನಾಚಿಕೆಯೂ ಆಗಲಿಲ್ಲ.

ನಾಲ್ಕನೆಯ ದಿನ ದವಾಖಾನೆಗೆ ಹೋದೆ. ಅಂಬವ್ವನ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಇದ್ದದ್ದನ್ನು ಇದ್ದಂತೆ ಹೇಳಿದೆ. ತಪ್ಪು ನನ್ನದು, ಮೌನೇಶನದಲ್ಲ ಅಂದೆ.

“ನನಗ ಗೊತ್ತೈತ್ರಿ,” ಅಂದರು. “ಅಂವ ಬೋರ್ಡ್ ಬಡಿಯೂ ಮುಂದ ನಾನ ಕೇಳಿದ್ದೆ. ಮಗ್ಗದ ಹಾಸಿನ ಎಳಿಗೇ ಒಂದೀಟ ಸಡಲ ಬೇಕು, ಇದಕ್ಕ ಬ್ಯಾಡೇನೋ ಅಂತ. ಸಾಹೇಬ್ರ ಬಿಡ್ರಿ ಅಂದಾರಬೇ ಅಂದ.”

“ಮತ್ತ ಮಗನ ಮುಂದ ಯಾಕ ಹೇಳಲಿಲ್ರಿ?”

“ನೀವ ಬಂದು ಹೇಳ್ಳಿ ಅಂತ ಸುಮ್ಮನಿದ್ದೆ.”

ಅಲ್ಲಿ ನನಗೆ ಅಳು ಬಂತು. ಹೆಂಡತಿ ಹೋದ ನಾಲ್ಕು ತಿಂಗಳ ಮೇಲೆ, ಗುರುತಿಲ್ಲದ ರೋಗಿಗಳ ನಡುವೆ, ಸ್ಟೂಲಿನ ಮೇಲೆ ಕೂತು ಅತ್ತೆ. ನನ್ನ ಅಳು ಮುಗಿಯುವವರೆಗೂ ಅಂಬವ್ವ ಕಾದರು.

“ನನ್ನ ಕಾಲಿನ ಮಾತು ಬಿಡ್ರಿ, ಸಾಹೇಬ್ರ,” ಅಂದರು ಆಮೇಲೆ. “ಮೌನೇಶನ ಕೈ ಬಿಡಬ್ಯಾಡ್ರಿ.”

ಅಂದೇ ಇಳಕಲ್ಲಿಗೆ ಹೋಗಿ ವೀರಣ್ಣನಿಗೆ, ಅವನ ಓಣಿಯವರು ಕೇಳುವಂತೆ, ಎಲ್ಲ ಹೇಳಿದೆ. ಮೌನೇಶನೇ ಹಲಗೆಗಳನ್ನು ಬಿಚ್ಚಿ, ತುದಿ ಕೊಯ್ದು, ಸಂದಿ ಇಟ್ಟು ಮತ್ತೆ ಕೂಡಿಸಿದ. ಆ ಡೆಕ್ ಈಗಲೂ ಗಟ್ಟಿ ಇದೆ. ಅಂಬವ್ವ ಮಾತ್ರ ಅದರ ಮೇಲೆ ಮತ್ತೆ ನಡೆಯಲಿಲ್ಲ. ಮಗನೋ ಸೊಸೆಯೋ ಗಾಲಿ ಕುರ್ಚಿ ತಳ್ಳಿಕೊಂಡು ಅವರನ್ನು ಮಗ್ಗದ ಕೋಣೆಗೆ ಒಯ್ಯುತ್ತಿದ್ದರು.

ಅಲ್ಲಿಂದ ಮುಂದೆ ನಿವೃತ್ತನಾಗುವವರೆಗೆ ನನ್ನ ಕೆಲಸಗಳಲ್ಲಿ ಬಡಿಗತನವೆಲ್ಲ ಮೌನೇಶನದೇ. ಅಳತೆಯ ಮಾತನ್ನು ಫೋನಿನಲ್ಲಿ ಹೇಳುವುದನ್ನು ನಿಲ್ಲಿಸಿದೆ. ಎದುರು ನಿಂತು, ಕೈಯಲ್ಲಿ ತೋರಿಸಿ ಹೇಳಿದೆ. ಮನಸ್ಸು ಸತ್ತಂತಿದ್ದ ದಿನ ಕೆಲಸದ ಜಾಗಕ್ಕೆ ಹೋಗಲಿಲ್ಲ, ಯಾರಿಗೂ ಏನೂ ಹೇಳಲೂ ಇಲ್ಲ. ಹಲಗೆ ಹಿಡಿದು ನಿಂತ ಮೌನೇಶ ಪ್ರತಿ ಸಲ ನನ್ನ ಬಾಯನ್ನೇ ನೋಡುತ್ತ, “ಸಂದಿ ಬಿಡೂಣೋ, ಇಡೂಣೋ, ಸಾಹೇಬ್ರ?” ಎಂದು ಕೇಳುತ್ತಿದ್ದ.

“ಇಡು,” ಅನ್ನುತ್ತಿದ್ದೆ.